ಯಾರೂ ನಡೆಯದ ಹಗ್ಗ

ಆ ಊರಿಗೆ ನೆಲವಿರಲಿಲ್ಲ. ಎರಡು ಬಂಡೆಗಳಿದ್ದವು, ನಡುವೆ ಆಳವಿತ್ತು, ಆಳದ ಮೇಲೆ ಹಗ್ಗಗಳಿದ್ದವು. ಮೂಡಣ ಬಂಡೆಯ ಬಿರುಕುಗಳಲ್ಲಿ ಅರ್ಧ ಊರು, ಪಡುವಣ ಬಂಡೆಯ ಬಿರುಕುಗಳಲ್ಲಿ ಇನ್ನರ್ಧ. ಎರಡನ್ನೂ ಹಿಡಿದು ನಿಂತದ್ದು ಆನೆಯ ಸೊಂಡಿಲಿನಷ್ಟು ದಪ್ಪದ ಒಂದು ಹಗ್ಗ. ಅದಕ್ಕೆ ತಾಯಿಹಗ್ಗ ಎಂದು ಹೆಸರು. ಅದನ್ನು ಮೊದಲು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅದರ ಮೇಲೆ ನಡೆಯದೆ ಬೆಳೆದವರೂ ಯಾರೂ ಇರಲಿಲ್ಲ.

ತಾಯಿಹಗ್ಗದಿಂದ ಕವಲುಗಳು ಹೊರಟಿದ್ದವು. ಯಾರು ಬೇಕಾದರೂ ಕವಲು ಕಟ್ಟಬಹುದಿತ್ತು. ತಾಯಿಹಗ್ಗದಿಂದಲೂ ಕಟ್ಟಬಹುದಿತ್ತು, ಬೇರೊಬ್ಬರ ಕವಲಿನಿಂದಲೂ ಕಟ್ಟಬಹುದಿತ್ತು. ನೀರಿನ ಸೆಲೆಗೆ ಒಂದು, ಜೇನುಗೂಡಿಗೆ ಒಂದು, ಬಟ್ಟೆ ಒಣಗುವ ಬಿಸಿಲಿಗೆ ಒಂದು, ಸುಮ್ಮನೆ ಕೂತು ಗಾಳಿ ಕುಡಿಯಲು ಒಂದು. ಕೆಲಸ ಮುಗಿದ ಮೇಲೆ ಕವಲಿನ ತುದಿಯನ್ನು ಹಿಂದಕ್ಕೆ ತಂದು ತಾಯಿಹಗ್ಗದೊಳಗೆ ಹೊಸೆದುಬಿಡುತ್ತಿದ್ದರು. ಆಗ ತಾಯಿಹಗ್ಗ ಇನ್ನೊಂದು ಎಳೆ ದಪ್ಪವಾಗುತ್ತಿತ್ತು. ಇದಕ್ಕೆ ಸೇರುವುದು ಎನ್ನುತ್ತಿದ್ದರು. ಕೆಲವು ಕವಲುಗಳು ಬೇಗ ಸೇರುತ್ತಿದ್ದವು, ಕೆಲವು ತಡವಾಗಿ ಸೇರುತ್ತಿದ್ದವು, ಕೆಲವು ಸೇರುತ್ತಲೇ ಇರಲಿಲ್ಲ.

ಆ ಊರಿನ ನಾರಿಗೆ ಒಂದು ಗುಣವಿತ್ತು. ಕವಲು ಕಟ್ಟಿದ ಮೊದಲ ದಿನ ಗಂಟು ಕಾಣುತ್ತಿತ್ತು. ಎರಡನೆಯ ದಿನ ಗಂಟು ಮಸುಕಾಗುತ್ತಿತ್ತು. ಮೂರನೆಯ ದಿನ ನಾರಿನೊಳಗೆ ನಾರು ಬೆಳೆದು ಗಂಟು ಕರಗಿಹೋಗುತ್ತಿತ್ತು. ಆಮೇಲೆ ಯಾವುದು ಯಾವುದರಿಂದ ಹೊರಟಿತು ಎಂದು ಎಂಥ ಕಣ್ಣಿಗೂ ಹೇಳಲಾಗುತ್ತಿರಲಿಲ್ಲ. ಮೂರು ಹಗ್ಗ ಒಂದೆಡೆ ಕೂಡಿದ್ದು ಕಾಣುತ್ತಿತ್ತು, ಅಷ್ಟೇ. ಯಾವುದು ಹೆತ್ತದ್ದು, ಯಾವುದು ಹುಟ್ಟಿದ್ದು?

ಅದನ್ನು ಹೇಳುವುದು ಚೀಟಿ ಮಾತ್ರ. ಕವಲು ಕಟ್ಟಿದವರು ಅಂಗೈಯಗಲದ ತೊಗಟೆಯ ಮೇಲೆ ಮೂರು ಮಾತು ಬರೆಯುತ್ತಿದ್ದರು. ಎಲ್ಲಿಂದ ಹೊರಟಿತು, ಯಾಕೆ ಹೊರಟಿತು, ಯಾವಾಗ ಸೇರುತ್ತದೆ. ಬರೆದು ಸೊಂಟದ ಸಂಚಿಯಲ್ಲಿಟ್ಟು ಬಾಯಿ ಬಿಗಿಯುತ್ತಿದ್ದರು.

ಆ ಊರಿನ ಕಟ್ಟಳೆ ಇದು: ಹಗ್ಗ ಊರಿನದು, ಚೀಟಿ ಸೊಂಟದ್ದು. ಯಾರ ಹಗ್ಗದ ಮೇಲೆ ಯಾರು ಬೇಕಾದರೂ ನಡೆಯಬಹುದು, ಆದರೆ ಯಾರ ಚೀಟಿಯನ್ನೂ ಯಾರೂ ಕೇಳಬಾರದು. ಊಟ ಆಯಿತಾ ಎಂದು ಕೇಳಬಹುದು, ಮದುವೆ ಯಾವಾಗ ಎಂದು ಕೇಳಬಹುದು, ಹೊಟ್ಟೆನೋವು ಹೇಗಿದೆ ಎಂದು ಹತ್ತು ಜನರ ಎದುರು ಕೂಗಿ ಕೇಳಬಹುದು. ಈ ಹಗ್ಗ ಎಲ್ಲಿಂದ ಬಂತು ಎಂದು ಮಾತ್ರ ಕೇಳಬಾರದು. ಕೇಳಿದವರನ್ನು ನಡತೆ ಗೊತ್ತಿಲ್ಲದವರು ಎನ್ನುತ್ತಿದ್ದರು. ಸತ್ತವರನ್ನು ಸಂಚಿ ಸಮೇತ ಸುಡುತ್ತಿದ್ದರು. ಹೆಣ ಉರಿಯುವಾಗ ಚೀಟಿಯೂ ಉರಿಯುತ್ತಿತ್ತು, ಹಗ್ಗ ಮಾತ್ರ ಆಳದ ಮೇಲೆ ತೂಗುತ್ತ ಉಳಿಯುತ್ತಿತ್ತು. ಜೀವ ತೂಗುವ ವಸ್ತುವಿನ ವಿಷಯವನ್ನು ಒಳಲಂಗದ ಹಾಗೆ ಮುಚ್ಚಿಡುವುದಕ್ಕೆ ಆ ಊರು ಮರ್ಯಾದೆ ಎಂದು ಹೆಸರಿಟ್ಟಿತ್ತು.

ಆ ಊರಿನಲ್ಲಿ ನಾರು ಬಡಿಯುವವಳೊಬ್ಬಳಿದ್ದಳು. ಎಲ್ಲರ ಹಗ್ಗಕ್ಕೂ ನಾರು ಅವಳದೇ. ಬೆಳಗಾದರೆ ಅವಳ ಕೊಡತಿಯ ಸದ್ದು ಎರಡೂ ಬಂಡೆಗೆ ಕೇಳುತ್ತಿತ್ತು. ಗಂಡ ಸತ್ತಿದ್ದ. ಅವನ ತಾಯಿ ಎದುರು ಬಿರುಕಿನಲ್ಲಿದ್ದಳು. ಮನೆಯಲ್ಲಿ ಅವಳ ಜೊತೆಗಿದ್ದದ್ದು ತಂಗಿ. ಊರಿಗೆಲ್ಲ ಅವರು ಅಕ್ಕ ಮತ್ತು ತಂಗಿ, ಅಷ್ಟೇ.

ಒಂದು ಬೆಳಗ್ಗೆ ತಂಗಿ ಬಂದು ಕೊಡತಿಯ ಮುಂದೆ ಕುಕ್ಕರಿಸಿದಳು.

"ಅಕ್ಕಾ, ಹನ್ನೆರಡು ಮಾರು ಹಗ್ಗ ಬೇಕು."

"ಹನ್ನೆರಡು ಮಾರಿಗೆ ಎಲ್ಲಿಗೆ ಹೋಗ್ತೀಯೇ? ತಾಯಿಹಗ್ಗದಿಂದ ಯಾವ ಬಂಡೆ ಮುಟ್ಟಬೇಕಾದ್ರೂ ಇಪ್ಪತ್ತಾದ್ರೂ ಬೇಕು."

"ತಾಯಿಹಗ್ಗದಿಂದ ಯಾರು ಕಟ್ತಾರೆ? ಮಡಕೆಯವಳ ಹಗ್ಗದ ನಡುವಿಂದ ಎಸೆದ್ರೆ—" ಎಂದವಳು ನಾಲಗೆ ಕಚ್ಚಿಕೊಂಡಳು. "ಅಯ್ಯೋ, ಹೇಳಿಬಿಟ್ಟೆ."

"ನಂಗೆ ಏನೂ ಕೇಳಿಸಲಿಲ್ಲ ಬಿಡು. ಕೊಡತಿ ಸದ್ದು." ಅಕ್ಕ ಇನ್ನೆರಡು ಏಟು ಹಾಕಿದಳು. "ಮತ್ತೆ ಯಾಕೆ ಅಂತ..."

"ಅಕ್ಕಾ!"

"ಕೇಳಲಿಲ್ಲ ಮಾರಾಯ್ತಿ. ಆಕಳಿಸಿದೆ. ಯಾವಾಗ ಬರ್ತೀಯ ಅಂತಾದ್ರೂ ಕೇಳಬಹುದೋ?"

"ಒಂದು ಒಂಬತ್ತು ದಿನ."

ಅಕ್ಕ ಹನ್ನೆರಡು ಮಾರು ಅಳೆದು ಕೊಟ್ಟಳು. ತಂಗಿ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು, ಮಡಕೆಯವಳ ಕವಲಿನ ಮೇಲೆ ನಡೆದು, ಬಂಡೆಯ ಮೂಲೆ ತಿರುಗಿ, ಯಾರೂ ವಾಸವಿಲ್ಲದ ಆಚೆ ಬದಿಗೆ ಮರೆಯಾದಳು. ಮೊದಲ ದಿನ ಅವಳ ಗಂಟು ಕಾಣುತ್ತಿತ್ತು. ಎರಡನೆಯ ದಿನ ಮಸುಕಾಯಿತು. ಮೂರನೆಯ ದಿನ ಕರಗಿತು. ಐದನೆಯ ದಿನ ಮಡಕೆಯವಳು ಜ್ವರ ಬಂದು ಸತ್ತಳು. ಅವಳನ್ನು ಸಂಚಿ ಸಮೇತ ಸುಟ್ಟರು.

ಎಂಟನೆಯ ದಿನ ಕೊಯ್ಯುವ ದಿನ.

ಕೊಯ್ಯುವುದು ಬೇಕಿತ್ತು, ಅದರಲ್ಲಿ ಮಾತಿಲ್ಲ. ಕವಲುಗಳು ಹೆಚ್ಚಾದರೆ ತಾಯಿಹಗ್ಗ ಜಗ್ಗುತ್ತದೆ, ತಾಯಿಹಗ್ಗ ಹರಿದರೆ ಊರಿಲ್ಲ. ಆದ್ದರಿಂದ ತಿಂಗಳಿಗೊಂದು ಹಗಲು ಕೊಯ್ಯುವವನು ಕುಡುಗೋಲು ಹಿಡಿದು ತಾಯಿಹಗ್ಗದ ಮೇಲೆ ಮೂಡಣದಿಂದ ಪಡುವಣಕ್ಕೆ ನಡೆಯುತ್ತಿದ್ದ. ಅವನ ಹಿಂದೆ ಊರ ಹಿರಿಯ. ಹಿರಿಯನ ಸೊಂಟದಲ್ಲಿ ತಲೆದಿಂಬಿನಷ್ಟು ದಪ್ಪದ ಸಂಚಿ. ಅಷ್ಟು ದೊಡ್ಡ ಸಂಚಿಯಿರುವವನಿಗೆ ಎಷ್ಟು ಹಗ್ಗಗಳಿರಬೇಕು ಎಂದು ಜನ ಬೆರಗಾಗುತ್ತಿದ್ದರು. ಕೇಳುವ ಹಾಗಿರಲಿಲ್ಲವಲ್ಲ. ಹಿರಿಯನ ಹಿಂದೆ ಊರು.

ಪ್ರತಿ ಕವಲಿನ ಬುಡದಲ್ಲಿ ಕೊಯ್ಯುವವನು ನಿಲ್ಲುತ್ತಿದ್ದ. ಎಡಗಾಲನ್ನು ಕವಲಿನ ಮೇಲಿಡುತ್ತಿದ್ದ. ಮೂರು ಸಲ ಕೂಗುತ್ತಿದ್ದ.

"ಯಾರದೀ ಹಗ್ಗ? ಯಾಕೀ ಹಗ್ಗ? ಸಂಚಿ ಮಾತಾಡಲಿ!"

ಹಗ್ಗದವರು ಮುಂದೆ ಬಂದು, ಅಂಗೈ ಮರೆಮಾಡಿ, ಚೀಟಿಯನ್ನು ಅವನೊಬ್ಬನಿಗೆ ತೋರಿಸುತ್ತಿದ್ದರು. ಅವನು ಓದಿ, ಓದಿದ್ದನ್ನು ಮರೆತು, ಕಾಲು ತೆಗೆಯುತ್ತಿದ್ದ. ಮರೆಯುವುದು ಅವನ ಕೆಲಸದ ಅರ್ಧಭಾಗ. ಯಾರೂ ಬರದಿದ್ದರೆ ಕುಡುಗೋಲು ಮಾತಾಡುತ್ತಿತ್ತು.

ಆ ದಿನ ಬಿಸಿಲು ಚೆನ್ನಾಗಿತ್ತು. ಕೊಯ್ಯುವವನಿಗೆ ಹಸಿವಾಗಿತ್ತು. ಅವನು ಚುರುಕಾಗಿ ಆರು ಕವಲು ನೋಡಿ, ಎರಡು ಕೊಯ್ದು, ಏಳನೆಯದರ ಬುಡಕ್ಕೆ ಬಂದ. ಎಡಗಾಲಿಟ್ಟ. ಕೂಗಿದ.

"ಯಾರದೀ ಹಗ್ಗ? ಯಾಕೀ ಹಗ್ಗ? ಸಂಚಿ ಮಾತಾಡಲಿ!"

ಮಾತಾಡಬೇಕಾದ ಸಂಚಿ ಮೂರು ದಿನದ ಹಿಂದೆ ಉರಿದಿತ್ತು. ಅದು ಮಡಕೆಯವಳ ಹಗ್ಗ.

ಎರಡನೆಯ ಸಲ ಕೂಗುವಷ್ಟರಲ್ಲಿ ಅಕ್ಕ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಮಾವ, ನಿಲ್ಲಿಸು. ಇದಕ್ಕೆ ನನ್ನ ತಂಗಿ ಹಗ್ಗ ಕಟ್ಟಿದಾಳೆ. ಅವಳು ಆಚೆ ಇದಾಳೆ."

ಕೊಯ್ಯುವವನು ಬಗ್ಗಿ ನೋಡಿದ. ಅಲ್ಲಿ ಹತ್ತಾರು ಹಗ್ಗ ಗಾಳಿಗೆ ಒಂದನ್ನೊಂದು ಉಜ್ಜುತ್ತ ತೂಗುತ್ತಿದ್ದವು. "ನಿನ್ನ ತಂಗೀದು ಇದಲ್ವಾ? ತಾಯಿಹಗ್ಗಕ್ಕೇ ಅಂಟಿದೆಯಲ್ಲಮ್ಮ."

"ತಾಗಿದೆ ಮಾವ. ಅಂಟಿಲ್ಲ. ಹನ್ನೆರಡು ಮಾರು ಅಳೆದು ಕೊಟ್ಟೋಳು ನಾನು. ಹನ್ನೆರಡು ಮಾರಿನ ಹಗ್ಗ ಇಲ್ಲಿಂದ ಹೊರಟ್ರೆ ಬಂಡೆ ಮುಟ್ಟತ್ತಾ? ನೀನೇ ಹೇಳು."

"ಹೌದಲ್ಲ," ಎಂದ ಕೊಯ್ಯುವವನು, ತಲೆ ಕೆರೆದುಕೊಂಡು.

ಹಿರಿಯ ಕೆಮ್ಮಿದ. "ಅಳತೆ ಸಂಚಿಯಲ್ಲ, ಮಗಳೇ. ನಿನ್ನ ತಂಗಿಯ ಹಗ್ಗದ ವಿಷಯ ನಿನ್ನ ತಂಗಿಯ ಸಂಚಿ ಹೇಳಬೇಕು."

"ಸಂಚಿ ಅವಳ ಸೊಂಟದಲ್ಲಿದೆ, ಅಜ್ಜಯ್ಯ. ಸೊಂಟ ಬಂಡೆಯ ಆಚೆಗಿದೆ."

"ಹಾಗಾದರೆ ಸಂಚಿ ಮಾತಾಡಲಿಲ್ಲ ಅಂತಾಯಿತು."

ಇದು ಕೊಂದು ಹಾಕುವ ಮಾತು. ಆದರೆ ಹಿರಿಯ ಅದನ್ನು ಬೆಲ್ಲ ಕೊಟ್ಟ ಹಾಗೆ ಮೆತ್ತಗೆ ಹೇಳಿದ. ಮಡಕೆಯವಳ ಹಗ್ಗ ಹೋದರೆ ಅದಕ್ಕೆ ಕಟ್ಟಿದ ತಂಗಿಯ ಹಗ್ಗವೂ ಹೋಗುತ್ತದೆ. ತಂಗಿ ಹಗ್ಗದ ಮೇಲಿದ್ದರೆ ಆಳಕ್ಕೆ ಬೀಳುತ್ತಾಳೆ, ಮೂಲೆಯಾಚೆಯ ಬದಿಯಲ್ಲಿದ್ದರೆ ಅಲ್ಲೇ ಒಣಗುತ್ತಾಳೆ. ಆ ಬದಿಗೆ ಹಗ್ಗ ಎಸೆಯಲು ಬೇರೆ ಜಾಗವಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅರ್ಥವಾದರೂ ಎಲ್ಲರೂ ತಮ್ಮ ತಮ್ಮ ಸಂಚಿ ಮುಟ್ಟಿ ನೋಡಿಕೊಂಡು ಸುಮ್ಮನಿದ್ದರು.

ಕೊಯ್ಯುವವನು ಮೂರನೆಯ ಸಲ ಕೂಗಲು ಬಾಯಿ ತೆರೆದ. ಅಕ್ಕ ಅವನ ಕುಡುಗೋಲಿನ ಕೆಳಗೆ ನುಸುಳಿ, ಮಡಕೆಯವಳ ಹಗ್ಗದ ಮೇಲೆ ಹತ್ತು ಹೆಜ್ಜೆ ನಡೆದು, ಕಾಲು ಇಳಿಬಿಟ್ಟು ಕೂತಳು.

ಜನ ಕೂತ ಹಗ್ಗವನ್ನು ಕೊಯ್ಯುವುದಿಲ್ಲ. ಅದೊಂದು ಬುದ್ಧಿ ಆ ಊರಿಗಿತ್ತು.

"ಏಳಮ್ಮ," ಎಂದ ಕೊಯ್ಯುವವನು. "ನನಗಿನ್ನೂ ಇಪ್ಪತ್ತು ಹಗ್ಗ ನೋಡೋದಿದೆ. ಮನೇಲಿ ಊಟ ಆರ್ತಿದೆ."

"ಹೋಗಿ ಉಂಡು ಬಾ ಮಾವ. ನಾನೆಲ್ಲಿಗೂ ಹೋಗಲ್ಲ."

"ಹೊಟ್ಟೆ ಹಸಿದಾಗ ತಾನೇ ಏಳುತ್ತಾಳೆ," ಎಂದ ಹಿರಿಯ. ಎಲ್ಲರೂ ತಾಯಿಹಗ್ಗದ ಮೇಲೆ ಸಾಲಾಗಿ ಕೂತರು. ಗಾಳಿ ಬೀಸಿತು. ಹಗ್ಗಗಳು ತೂಗಿದವು. ಕೂತವರು ತೂಗಿದರು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ತನ್ನ ಸೊಂಟಕ್ಕೆ ಕೈ ಹಾಕಿದಳು. ಸಂಚಿಯ ದಾರ ಸಡಿಲಿಸಿದಳು. ಚೀಟಿ ಹೊರತೆಗೆದು, ಮರೆ ಮಾಡದೆ, ಬಿಸಿಲಿಗೆ ಹಿಡಿದಳು. ಜನ ಬಟ್ಟೆ ಬಿಚ್ಚಿದವಳನ್ನು ಕಂಡವರಂತೆ ಮುಖ ತಿರುಗಿಸಿದರು.

"ಕೇಳಿ," ಎಂದು ಕೂಗಿ ಓದಿದಳು. "ನನ್ನ ಹಗ್ಗ. ತಾಯಿಹಗ್ಗದಿಂದ ಹೊರಟಿದ್ದು. ಅತ್ತೆ ಮನೆ ಮುಂದೆ ಹಾಯದೆ ನೀರಿಗೆ ಹೋಗೋದಕ್ಕೆ. ಸೇರುವ ದಿನ, ಅತ್ತೆ ಮಾತು ನಿಲ್ಲಿಸಿದ ದಿನ."

ಆಮೇಲೆ ಎಲ್ಲಿಂದಲೋ ಒಂದು ನಗು ಸಿಡಿಯಿತು. ಅದರ ಹಿಂದೆ ಇನ್ನೊಂದು.

"ಓಹೋ," ಎಂದಳು ಅತ್ತೆ, ಸಾಲಿನಲ್ಲಿ ಎದ್ದು ನಿಂತು. "ಹಂಗೋ! ಆರು ವರ್ಷದಿಂದ ಸೊಸೆಗೆ ಸೊಂಟನೋವು, ಸುತ್ತು ದಾರೀಲಿ ಹೋಗ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ನಲ್ಲೇ ನಾನು!"

"ಅದಕ್ಕೇ ಅತ್ತೆ, ಆ ಮಾತಿಗೇ."

"ಕೂತ್ಕೋ, ನಂದೂ ಕೇಳು." ಅತ್ತೆ ತನ್ನ ಸಂಚಿ ಬಿಚ್ಚಿದಳು. ಕಣ್ಣು ಕಿರಿದು ಮಾಡಿ ಓದಿದಳು. "ಮಡಕೆಯವಳ ಹಗ್ಗದಿಂದ ಹೊರಟಿದ್ದು. ಯಾಕಪ್ಪ ಅಂದ್ರೆ, ಸೊಸೆ ಯಾವ ದಾರೀಲಿ ಹೋಗ್ತಾಳೆ ಅಂತ ನೋಡೋದಕ್ಕೆ."

ಈ ಸಲ ಕೊಯ್ಯುವವನೂ ನಕ್ಕ. ನಕ್ಕವನು ಥಟ್ಟನೆ ನಿಲ್ಲಿಸಿದ. "ಏನಂದೆ? ಮಡಕೆಯವಳ ಹಗ್ಗದಿಂದ?"

"ಹೂಂ. ಇದರಿಂದಾನೇ."

ಉಪ್ಪಿನವನು ಎದ್ದು ನಿಂತ. ಅವನು ಎರಡು ಬಂಡೆಗೂ ಉಪ್ಪು ಹೊರುವವನು, ಯಾವಾಗಲೂ ಅವಸರದವನು. ಸಂಚಿ ಬಿಚ್ಚಿ ನೋಡಿ ಬೆವರಿದ. "ನಂದೂ ಇದರಿಂದಾನೇ ಕಣ್ರಪ್ಪಾ." ಇನ್ನೊಬ್ಬಳು ಬಿಚ್ಚಿದಳು. ಇನ್ನೊಬ್ಬ ಬಿಚ್ಚಿದ. ಒಂದು ಸಂಚಿ ಬಿಚ್ಚುವಾಗ ನಾಚಿಕೆ, ಎರಡು ಬಿಚ್ಚುವಾಗ ಅರ್ಧ ನಾಚಿಕೆ, ಐದನೆಯ ಸಂಚಿಯ ಹೊತ್ತಿಗೆ ಜನ ತಾವೇ ಮುಂದೆ ಬಂದು ನನ್ನದು ಕೇಳಿ, ನನ್ನದು ಕೇಳಿ ಎನ್ನುತ್ತಿದ್ದರು. ಎಣಿಸಿದರೆ ಏಳು ಹಗ್ಗ ಮಡಕೆಯವಳ ಹಗ್ಗದಿಂದ ಹೊರಟಿದ್ದವು. ತಂಗಿಯದು ಎಂಟನೆಯದು. ಎಂಟನ್ನೂ ಒಂದೇ ಏಟಿಗೆ ಆಳಕ್ಕೆ ಕಳಿಸಲು ಕುಡುಗೋಲು ಸಿದ್ಧವಾಗಿತ್ತು.

ಗೆದ್ದೆ ಎಂದುಕೊಂಡಳು ಅಕ್ಕ. ಹಿರಿಯ ಮತ್ತೆ ಕೆಮ್ಮಿದ.

"ಸಂತೋಷ. ಏಳು ಸಂಚಿ ಮಾತಾಡಿವೆ. ಏಳು ಹಗ್ಗವನ್ನೂ ಬುಡದಲ್ಲಿ ಕೊಯ್ದು ಬಿಡಿಸಿ, ಉದ್ದ ಸಾಲದಿದ್ದರೆ ಜೋಡಿಸಿ, ತಾಯಿಹಗ್ಗಕ್ಕೆ ಕಟ್ಟಿಕೊಳ್ಳಿ. ಆಮೇಲೆ ಇದನ್ನು ಕೊಯ್ಯಬಹುದು. ಇದಕ್ಕೆ ಹೇಳುವವರಿಲ್ಲ."

"ಎಂಟನೇದು, ಅಜ್ಜಯ್ಯ?"

"ಅದರ ಸಂಚಿ ಇಲ್ಲಿಲ್ಲ. ಸಂಚಿಯಿಲ್ಲದೆ ಇನ್ನೊಬ್ಬರ ಹಗ್ಗ ಮುಟ್ಟಬಾರದು."

ಈಗ ನೋಡಿ ಆ ಜನರನ್ನು. ಉಪ್ಪಿನವನು ಮೊದಲು ಎದ್ದ. ಅವನ ಹಿಂದೆ ಇನ್ನೊಬ್ಬ. ತಮ್ಮ ತಮ್ಮ ಹಗ್ಗ ಬಿಡಿಸಿಕೊಳ್ಳಲು ಒಬ್ಬೊಬ್ಬರಾಗಿ ಅಕ್ಕನ ಬೆನ್ನ ಹಿಂದೆಯೇ ಹಾದುಹೋದರು. ಅವರು ಕೆಟ್ಟವರಲ್ಲ. ತಮ್ಮದು ಉಳಿಯಿತಲ್ಲ ಎಂದುಕೊಂಡವರು, ಅಷ್ಟೇ. ಊರುಗಳು ಹಾಳಾಗುವುದು ಇಂಥವರಿಂದಲೇ.

"ಹೋಗ್ರೋ ಹೋಗ್ರಿ," ಎಂದು ಕೂಗಿದಳು ಅಕ್ಕ. ಅವಳ ದನಿ ಎರಡು ಬಂಡೆಗೂ ಬಡಿದು ಬಂತು. "ನಿಮ್ಮ ಏಳಕ್ಕೂ ನಾರು ಬಡಿದುಕೊಟ್ಟೋಳು ನಾನು! ಎಲ್ಲರ ಹಗ್ಗದ ಬಲಾನೂ ನನಗೆ ಗೊತ್ತು, ನಿಮ್ಮ ಬಲ ಇವತ್ತು ಗೊತ್ತಾಯ್ತು. ನಾಳೆ ನೀವು ಆಚೆ ಬಂಡೆ ಮೇಲಿರ್ತೀರಿ, ನಿಮ್ಮ ಸಂಚಿ ನಿಮ್ಮ ಸೊಂಟದಲ್ಲಿರತ್ತೆ, ಇಲ್ಲಿ ನಿಂತು ಹೇಳೋರು ಯಾರು? ಯಾರು ಹೇಳ್ತಾರ್ರೀ?"

ಉಪ್ಪಿನವನು ನಡುದಾರಿಯಲ್ಲಿ ನಿಂತುಬಿಟ್ಟ. ಅತ್ತೆ ಮಾತ್ರ ತನ್ನ ಹಗ್ಗದ ಕಡೆ ಹೋಗಲೇ ಇಲ್ಲ, ಎದ್ದು ಬಂದು ಸೊಸೆಯ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಳು. "ಸರ್ಕೊಳ್ಳೇ. ಹಗ್ಗ ಏನು ನಿಮ್ಮಪ್ಪಂದಾ?" ಎಂದಳು. ಆಮೇಲೆ ಹಿರಿಯನ ಕಡೆ ತಿರುಗಿ, "ಏನಯ್ಯಾ, ಮಡಕೆಯವಳನ್ನ ಸುಡುವಾಗ ಸಂಚಿ ಕಟ್ಟಿದೋನು ನೀನು. ಮಾತಾಡೋ ಸಂಚಿ ಸುಟ್ಟುಬಿಟ್ಟು ಈಗ ಸಂಚಿ ಮಾತಾಡಲಿ ಅಂತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು.

ಹಿರಿಯನ ಮುಖ ಮಡಕೆಯ ಹಾಗೆ ಬಿರುಕು ಬಿಟ್ಟಿತು. ಅವನು ಕೊಯ್ಯುವವನನ್ನು ನೋಡಿದ. ಆಳವನ್ನು ನೋಡಿದ. ತನ್ನ ದೊಡ್ಡ ಸಂಚಿಯ ಮೇಲೆ ಎರಡೂ ಕೈ ಇಟ್ಟುಕೊಂಡ.

"ಸುಟ್ಟಿಲ್ಲ," ಎಂದ.

"ಏನು?"

"ಒಂದನ್ನೂ ಸುಟ್ಟಿಲ್ಲ ಕಣಮ್ಮ. ಸಂಚಿ ಕಟ್ಟುವ ಹೊತ್ತಿಗೆ ಚೀಟಿ ತೆಗೆದು ಖಾಲಿ ತೊಗಟೆ ಇಡ್ತಿದ್ದೆ. ಮೂವತ್ತು ವರ್ಷದಿಂದ. ಸುಡಕ್ಕೆ ಮನಸ್ಸು ಬರಲಿಲ್ಲ."

ಅವನು ಸಂಚಿಯ ದಾರ ಎಳೆದ. ಒಳಗೆ ಚೀಟಿಯ ಮೇಲೆ ಚೀಟಿ, ಚೀಟಿಯ ಮೇಲೆ ಚೀಟಿ. ಸತ್ತವರೆಲ್ಲರ ಹಗ್ಗಗಳ ಹುಟ್ಟು ಅವನ ಸೊಂಟದಲ್ಲಿತ್ತು. ಅವನಿಗೆ ಒಂದೂ ಹಗ್ಗವಿರಲಿಲ್ಲ.

"ಇವನ್ನೆಲ್ಲ ಓದಿದೀರಾ, ಅಜ್ಜಯ್ಯ?" ಎಂದಳು ಅಕ್ಕ.

"ಛೆ ಛೆ! ಇನ್ನೊಬ್ಬರ ಚೀಟಿ ಓದೋದಾ? ಒಂದೂ ಓದಿಲ್ಲ. ನನ್ನಾಣೆ."

ನಿಜವೇ ಹೇಳಿದ. ಅವನು ಮರ್ಯಾದಸ್ಥ. ಮೂವತ್ತು ವರ್ಷ ಪ್ರತಿ ಕೊಯ್ಯುವ ದಿನ ಅವನು ಉತ್ತರಗಳನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ, ಪ್ರಶ್ನೆ ಮೂರು ಸಲ ಕೇಳಿಸಿಕೊಂಡಿದ್ದ, ಓದುವುದು ತಪ್ಪೆಂದು ಸುಮ್ಮನಿದ್ದ. ಜೇನಿನ ಹಗ್ಗ ಕೊಯ್ದು ಮೂಡಣ ಬಂಡೆಗೆ ಹನ್ನೊಂದು ವರ್ಷ ಜೇನಿರಲಿಲ್ಲ. ಸೂಲಗಿತ್ತಿಯ ಹಗ್ಗ ಕೊಯ್ದು ಎಷ್ಟು ತೊಟ್ಟಿಲು ಖಾಲಿ ಉಳಿದವೋ ಲೆಕ್ಕವಿಲ್ಲ. ಕಾರಣವೆಲ್ಲ ಅವನ ಸೊಂಟದಲ್ಲಿ ಬೆಚ್ಚಗೆ ಮಲಗಿತ್ತು. ಕಳ್ಳನಾಗಿದ್ದರೆ ಊರು ಬದುಕುತ್ತಿತ್ತು. ಕಳ್ಳನಾದರೆ ಓದಿಯಾದರೂ ನೋಡುತ್ತಿದ್ದ.

"ಓದಿ," ಎಂದಳು ಅಕ್ಕ.

ಹಿರಿಯ ಮೇಲಿನ ಚೀಟಿ ತೆಗೆದ. ಅದು ಮಡಕೆಯವಳದು. ಅಕ್ಷರದ ಮೇಲೆ ಬೆರಳಿಟ್ಟು ಓದಿದ. "ತಾಯಿಹಗ್ಗದಿಂದ ಹೊರಟಿದ್ದು. ಬಿಳಿ ಜೇಡಿಮಣ್ಣಿಗೆ. ಸೇರುವ ದಿನ ಇಲ್ಲ. ನನ್ನ ನಂತರ ಈ ಹಗ್ಗ ಯಾರಿಗೆ ಮಡಕೆ ಬೇಕೋ ಅವರದು."

ಕೊಯ್ಯುವವನು ಎಡಗಾಲನ್ನು ಹಗ್ಗದ ಮೇಲಿಟ್ಟುಕೊಂಡೇ ಯೋಚಿಸಿದ. ಅವನು ನಿಧಾನವಾಗಿ ಯೋಚಿಸುವವನು. ಆಮೇಲೆ ಮೂರನೆಯ ಸಲ ಕೂಗಿದ, ಏಕೆಂದರೆ ಶುರು ಮಾಡಿದ್ದನ್ನು ಮುಗಿಸಬೇಕಿತ್ತು.

"ಯಾರದೀ ಹಗ್ಗ? ಯಾಕೀ ಹಗ್ಗ?" ಎಂದು ಕೂಗಿ ತಾನೇ ಉತ್ತರವನ್ನೂ ಹೇಳಿದ. "ನಂದು. ನಮ್ಮನೇಲಿ ಅಂಬಲಿ ಮಡಕೆ ಒಡೆದು ಎಂಟು ದಿನ ಆಯ್ತು."

ಕಾಲು ತೆಗೆದ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದ. ಉಪ್ಪಿನವನೂ ತನಗೂ ಮಡಕೆ ಬೇಕೆಂದು ಕೂಗಿದ. ಅತ್ತೆ ತನಗೆ ಎರಡು ಬೇಕೆಂದಳು.

ಅಷ್ಟರಲ್ಲಿ ಗಾಳಿ ಬೀಸಿತು. ಹಿರಿಯನ ತೆರೆದ ಸಂಚಿಯಿಂದ ಚೀಟಿಗಳು ಹಕ್ಕಿಗಳ ಹಾಗೆ ಎದ್ದವು. ಜನ ತೂಗುತ್ತಲೇ ಕೈಚಾಚಿ ಹಿಡಿದರು, ಸೆರಗೊಡ್ಡಿ ಹಿಡಿದರು, ಹಲ್ಲಲ್ಲಿ ಕಚ್ಚಿ ಹಿಡಿದರು. ಕೆಲವು ಆಳಕ್ಕೆ ಹೋದವು. ಹೋದವು ಹೋದವು. ಹಿಡಿದವನ್ನು ಎಲ್ಲಿಡುವುದು?

"ಮತ್ತೆ ಅಜ್ಜಯ್ಯನ ಸಂಚೀಲೇ ಇಡೋಣ," ಎಂದ ಯಾರೋ ಒಬ್ಬ.

"ನಿನ್ನ ತಲೇಲಿಡು, ಖಾಲಿ ಜಾಗ ಇದೆ," ಎಂದಳು ಅತ್ತೆ.

ಮೊದಲು ಉಪ್ಪಿನವನ ಮಾತು ಕೇಳಿದರು. ತಾಯಿಹಗ್ಗದ ನಡುವೆ ಒಂದು ದೊಡ್ಡ ತೊಗಲು ತೂಗುಹಾಕಿ, ಎಲ್ಲರ ಹಗ್ಗದ ವಿಷಯವನ್ನೂ ಅದರ ಮೇಲೆ ಇದ್ದಿಲಿನಿಂದ ಬರೆದರು. ಅದು ಒಂದು ಹಗಲು ಬಾಳಿತು. ಮೂಡಣದವನು ಒಂದು ಬದಿಯಿಂದ ಬರೆಯುತ್ತ ಬಂದ, ಪಡುವಣದವಳು ಇನ್ನೊಂದು ಬದಿಯಿಂದ ಬರೆಯುತ್ತ ಬಂದಳು. ನಡುವೆ ಜಾಗ ಸಾಲದೆ ಅವಳು ಅವನದನ್ನು ಸೆರಗಿನಿಂದ ಒರೆಸಿದಳು, ಅವನು ಅವಳದನ್ನು ಉಗುಳು ಹಚ್ಚಿ ಒರೆಸಿದ. ಸಂಜೆಗೆ ತೊಗಲೆಲ್ಲ ಕಪ್ಪು. ಇಬ್ಬರ ಮುಖವೂ ಕಪ್ಪು.

ಆಗ ಅಕ್ಕ ಒಂದು ಹಗ್ಗ ಹೊಸೆದಳು. ತೆಳ್ಳಗಿನದು, ಕಿರುಬೆರಳಿನಷ್ಟು. ಮೂಡಣದಿಂದ ಪಡುವಣಕ್ಕೆ, ತಾಯಿಹಗ್ಗದ ಪಕ್ಕದಲ್ಲೇ, ಎದೆಯ ಎತ್ತರಕ್ಕೆ ಎಳೆದು ಕಟ್ಟಿದಳು. ಅದರ ಮೇಲೆ ಯಾರೂ ನಡೆಯುವಂತಿಲ್ಲ. ಅದು ಎಲ್ಲಿಗೂ ಕರೆದೊಯ್ಯುವುದಿಲ್ಲ. ಅದು ಬೇರೆ ಹಗ್ಗಗಳ ವಿಷಯ ಹೇಳುವ ಹಗ್ಗ. ಕವಲು ಕಟ್ಟಿದವರು ತಮ್ಮ ಚೀಟಿಯನ್ನು ತಮ್ಮ ಕವಲಿನ ಬುಡಕ್ಕೆ ಸರಿಯಾಗಿ ಅದಕ್ಕೆ ಕಟ್ಟಬೇಕು. ತಾಯಿಹಗ್ಗದ ಮೇಲೆ ನಡೆಯುವವರೆಲ್ಲ ಅದನ್ನೇ ಹಿಡಿಕೆಯಾಗಿ ಹಿಡಿದು ನಡೆಯುತ್ತಾರೆ. ನಡೆಯುತ್ತ ಓದುತ್ತಾರೆ. ಓದಿದ್ದನ್ನು ಆಚೆ ಬಂಡೆಗೆ ಹೇಳುತ್ತಾರೆ.

ಅದಕ್ಕೂ ಒಂದು ಕಟ್ಟಳೆ ಮಾಡಿದರು, ಒಂದೇ ಒಂದು. ಕಟ್ಟಬಹುದು, ಕೀಳಬಾರದು. ಹಗ್ಗ ಬದಲಾದರೆ ಹೊಸ ಚೀಟಿ ಬರೆದು ಹಳೆಯದರ ಕೆಳಗೆ ಕಟ್ಟು, ಹಳೆಯದು ಇರಲಿ. ಇಬ್ಬರ ಚೀಟಿ ಒಂದಕ್ಕೊಂದು ಒಪ್ಪದಿದ್ದರೆ ಎರಡೂ ಇರಲಿ. ಆ ಇಬ್ಬರು ಒಂದೇ ಮಡಕೆಯಿಂದ ಅಂಬಲಿ ಕುಡಿದು, ಬೈದಾಡಿ, ಮೂರನೆಯ ಚೀಟಿಯನ್ನು ಸೇರಿ ಕಟ್ಟಲಿ.

ಕೊಯ್ಯುವವನು ಈಗ ಮರೆಯಬೇಕಾಗಿರಲಿಲ್ಲ. ಅವನಿಗೆ ಅದೇ ದೊಡ್ಡ ವಿಶ್ರಾಂತಿ. ಹಿರಿಯ ದಿನವೆಲ್ಲ ಆ ಹಗ್ಗದ ಬಳಿ ನಿಂತು ಓದುತ್ತಿದ್ದ. ಮೂವತ್ತು ವರ್ಷದ ಹಸಿವು. ಓದಿ ಓದಿ ನಗುತ್ತಿದ್ದ, ಕೆಲವು ಸಲ ಸಂಚಿಯಿದ್ದ ಜಾಗವನ್ನು ತಡವಿಕೊಂಡು ಅಳುತ್ತಿದ್ದ.

ಹದಿಮೂರನೆಯ ದಿನ ಬಂಡೆಯ ಮೂಲೆಯಲ್ಲಿ ತಂಗಿ ಕಾಣಿಸಿದಳು. ಒಂಬತ್ತು ದಿನ ಎಂದವಳು ನಾಲ್ಕು ದಿನ ತಡ. ಅಕ್ಕ ಆ ನಾಲ್ಕು ದಿನ ಕೊಡತಿ ಮುಟ್ಟಿರಲಿಲ್ಲ. ತಂಗಿ ಮಡಕೆಯವಳ ಹಗ್ಗದ ಮೇಲೆ ಕುಣಿಯುತ್ತ ಬಂದಳು. ಅದು ತುಂಡಾಗಬೇಕಿದ್ದ ಜಾಗದ ಮೇಲೆ ಕಾಲಿಟ್ಟು ದಾಟಿದಳು. ಅವಳಿಗೇನು ಗೊತ್ತು?

ತಾಯಿಹಗ್ಗಕ್ಕೆ ಬಂದವಳು ತೂಗುವ ಚೀಟಿಗಳನ್ನು ನೋಡಿ ಬೆಚ್ಚಿದಳು. "ಇದೇನಕ್ಕಾ! ಊರಿಗೆ ಊರೇ ಸಂಚಿ ಬಿಚ್ಚಿಕೊಂಡು ನಿಂತಿದೆ?"

ನಡೆದದ್ದನ್ನೆಲ್ಲ ಅತ್ತೆ ಹೇಳಿದಳು. ಯಾರು ಎದ್ದು ಹೋದರು, ಯಾರು ಕೂತರು, ಎಲ್ಲ. ಕೇಳುತ್ತ ಕೇಳುತ್ತ ತಂಗಿಯ ಮುಖ ಬಿಳಿಚಿತು.

"ನಿಂದೊಂದೇ ಬಾಕಿ," ಎಂದ ಕೊಯ್ಯುವವನು ಪ್ರೀತಿಯಿಂದ. "ಕಟ್ಟಮ್ಮ. ಜಾಗ ಬಿಟ್ಟಿದೀವಿ."

ತಂಗಿ ಸಂಚಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. "ನಾಳೆ ಕಟ್ತೀನಿ ಮಾವ. ಬೇರೆ ಬರೆದು ಕಟ್ತೀನಿ."

"ಬೇರೆ ಯಾಕೆ?" ಎಂದಳು ಅಕ್ಕ.

"ಅಕ್ಷರ ಚೆನ್ನಾಗಿಲ್ಲ."

"ನಿನ್ನ ಅಕ್ಷರ ಯಾವತ್ತು ಚೆನ್ನಾಗಿತ್ತೇ? ತಾ ಇಲ್ಲಿ."

ತಂಗಿ ಕೊಡಲಿಲ್ಲ. ಅಕ್ಕ ಕಿತ್ತುಕೊಳ್ಳಲಿಲ್ಲ. ಕೈ ಚಾಚಿಕೊಂಡು ನಿಂತಳು, ಅಷ್ಟೇ. ತುಂಬ ಹೊತ್ತು ನಿಂತಳು. ಕೊನೆಗೆ ತಂಗಿ ಚೀಟಿಯನ್ನು ಆ ಕೈಯಲ್ಲಿಟ್ಟು ತಲೆ ತಗ್ಗಿಸಿದಳು.

ಅಕ್ಕ ಓದಿದಳು. ಮಡಕೆಯವಳ ಹಗ್ಗದಿಂದ ಹೊರಟಿದ್ದು. ಅಕ್ಕನ ಮನೆಯಿಂದ ಬೇರೆ ಇರುವುದಕ್ಕೆ. ಸೇರುವ ದಿನ, ಇಲ್ಲ.

ಜನರಿಗೆ ಕೇಳಿಸುವಂತೆ ಓದಿರಲಿಲ್ಲ. ಆದರೂ ಅವಳ ಮುಖ ನೋಡಿ ಜನ ಸುಮ್ಮನಾದರು. ಅತ್ತೆಯೂ ಸುಮ್ಮನಾದಳು.

"ಹಾಸಿಗೆ, ಪಾತ್ರೆ ಒಯ್ಯೋದಕ್ಕೆ ಬಂದ್ಯಾ?" ಎಂದಳು ಅಕ್ಕ.

"ಹೂಂ."

"ಮನೆ ಕಟ್ಟಿದ್ಯಾ ಅಲ್ಲಿ?"

"ಗುಹೆ ಇದೆ. ಬಾಗಿಲು ಮಾಡೋದಕ್ಕೆ ನಾಲ್ಕು ದಿನ ತಡ ಆಯ್ತು. ಅಕ್ಕಾ, ನೀನು ಹಗ್ಗದ ಮೇಲೆ ಕೂತಿದ್ದೆ ಅಂತ ನಂಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಹೀಗೆ ಬರೀತಿರಲಿಲ್ಲ. ಹರಿದು ಹಾಕ್ತೀನಿ, ಕೊಡು."

"ನಾನು ಕೂತಿದ್ದಕ್ಕೆ ನೀನು ಸುಳ್ಳು ಬರೀಬೇಕಾ?"

"ಹಂಗಲ್ಲ."

"ನನ್ನ ಗೊರಕೆಗಾ?"

ತಂಗಿಗೆ ಅಳುವಿನ ನಡುವೆ ನಗು ಬಂತು. "ಗೊರಕೆಗೂ. ಕೊಡತಿಗೂ. ನಾನು ಏನು ಮಾಡಿದ್ರೂ ನೀನು ಮೊದಲೇ ಮಾಡಿರ್ತೀಯಲ್ಲ, ಅದಕ್ಕೂ."

"ಅದನ್ನೂ ಬರೀಬೇಕಿತ್ತು. ಪೂರ್ತಿ ಬರೆಯೋಕೆ ಯಾವತ್ತು ಕಲೀತೀಯೋ."

ಅಕ್ಕ ಚೀಟಿಯನ್ನು ಯಾರೂ ನಡೆಯದ ಹಗ್ಗಕ್ಕೆ ತಾನೇ ಕಟ್ಟಿದಳು. ಗಟ್ಟಿ ಗಂಟು ಹಾಕಿದಳು, ಗಾಳಿಗೆ ಹಾರದ ಹಾಗೆ. ಆಮೇಲೆ ಮನೆಗೆ ಹೋಗಿ ಹಾಸಿಗೆ ಸುತ್ತಿದಳು, ಪಾತ್ರೆ ಆರಿಸಿದಳು. ಒಳ್ಳೆಯದನ್ನು ತಾನಿಟ್ಟುಕೊಂಡು ಸೊಟ್ಟಗಿದ್ದದ್ದನ್ನು ಕೊಟ್ಟಳು, ಆಮೇಲೆ ಮನಸ್ಸು ತ‌ಡೆಯದೆ ಒಳ್ಳೆಯದನ್ನೂ ಕೊಟ್ಟಳು. ಮಧ್ಯಾಹ್ನದ ಬಿಸಿಲಿನಲ್ಲಿ ತಂಗಿ ತಲೆಯ ಮೇಲೆ ಗಂಟು ಹೊತ್ತು ಹೊರಟಳು. ಹಗ್ಗ ತೂಗಿತು. ಅವಳು ಬಂಡೆಯ ಮೂಲೆ ತಿರುಗುವ ತನಕ ಅಕ್ಕ ನಿಂತು ನೋಡಿದಳು, ತಿರುಗಿದ ಮೇಲೂ ಹಗ್ಗದ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಹೆಜ್ಜೆಗಳ ಅದುರು ಕೈಗೆ ಬರುತ್ತಿತ್ತು. ಅದು ನಿಂತ ಮೇಲೆ ಅವಳು ಒಂದು ತೊಗಟೆಯ ಚೂರು ಬೇಡಿ ಇಸಿದುಕೊಂಡು, ಮೊಣಕಾಲ ಮೇಲಿಟ್ಟು ಬರೆದು, ತಂಗಿಯ ಚೀಟಿಯ ಕೆಳಗೆ ಕಟ್ಟಿದಳು.

ಈಗಲೂ ತಾಯಿಹಗ್ಗದ ಮೇಲೆ ನಡೆಯುವವರು ಅದನ್ನು ಓದುತ್ತಾರೆ. ಓದಿದ್ದನ್ನು ಆಚೆ ಬಂಡೆಗೆ ಹೇಳುತ್ತಾರೆ. ಕೊಯ್ಯುವವನಂತೂ ಅಲ್ಲಿಗೆ ಬಂದಾಗ ಕುಡುಗೋಲನ್ನು ಬೆನ್ನ ಹಿಂದೆ ಹಿಡಿದುಕೊಂಡು ದಾಟುತ್ತಾನೆ.

ಈ ಹಗ್ಗದ ತುದಿಯಲ್ಲಿರುವವಳು ನನ್ನ ತಂಗಿ. ಯಾರೇ ಆಗಲಿ, ಕೊಯ್ಯುವ ಮೊದಲು ನನ್ನನ್ನು ಕರೆಯಿರಿ.